ವಾಚನದ ಪಟ್ಟಿಯಲ್ಲಿ ನನ್ನ ಹೆಸರು

ಕಾಲೇಜಿನ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂಬ ಪತ್ರ ಬಂದಾಗ ನನ್ನ ಕಣ್ಣಮುಂದೆ ಬಂದದ್ದು ತರಗತಿಯಲ್ಲ, ಪ್ರಾರ್ಥನಾ ಮಂದಿರದ ಬಾಗಿಲಿಗೆ ಅಂಟಿಸುತ್ತಿದ್ದ ಒಂದು ಹಾಳೆ. ಯಾವ ದಿನ ಯಾರು ಸತ್ಯವೇದ ಓದಬೇಕೆಂದು ನಮ್ಮ ಗಣಿತದ ಮೇಷ್ಟರು ತಮ್ಮ ಓರೆ ಅಕ್ಷರದಲ್ಲಿ ಬರೆಯುತ್ತಿದ್ದ ಪಟ್ಟಿ ಅದು. ಮೂರು ವರ್ಷವೂ ಅದರಲ್ಲಿ ನನ್ನ ಹೆಸರು ಇತ್ತು. ಆ ಮೂರರಲ್ಲಿ ಸುಮಾರು ಎರಡು ವರ್ಷ ನಾನು ದೇವರನ್ನು ನಂಬಿರಲಿಲ್ಲ.

ನಾನು ಬೆಳೆದದ್ದು ಭಕ್ತಿಯ ಮನೆಯಲ್ಲಿ. ತಂದೆ ಸಭೆಯ ಹಿರಿಯರಲ್ಲಿ ಒಬ್ಬರು, ಭಾನುವಾರ ಶಾಲೆಯನ್ನು ನಡೆಸುತ್ತಿದ್ದರು. ಎರಡನೆಯ ವರ್ಷದ ಆರಂಭದಲ್ಲಿ ನನ್ನ ತಮ್ಮ ಕಾಯಿಲೆ ಬಿದ್ದ. ಸಭೆಯವರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದರು. ಅವನು ಗುಣವಾಗುತ್ತಾನೆಂದು ದೇವರು ತಮಗೆ ತಿಳಿಸಿದ್ದಾನೆ ಎಂದು ಪ್ರಾರ್ಥನಾ ಕೂಟದಲ್ಲಿ ಎದ್ದುನಿಂತು ಹೇಳಿದವರೂ ಇದ್ದರು. ಅವನು ಉಳಿಯಲಿಲ್ಲ. ಹಾಗೆ ಹೇಳಿದವರು ಮತ್ತೆಂದೂ ಆ ಮಾತನ್ನು ಎತ್ತಲಿಲ್ಲ. ತಮ್ಮನ ಸಾವನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ, ಆ ಮೌನವನ್ನು ಸಹಿಸಲಾಗಲಿಲ್ಲ.

ಯೌವನಸ್ಥರ ಕೂಟದಲ್ಲಿ ಒಮ್ಮೆ ಕೇಳಿಯೇಬಿಟ್ಟೆ: ಆ ಪ್ರಾರ್ಥನೆಗಳೆಲ್ಲ ಎಲ್ಲಿಗೆ ಹೋದವು? ಕೂಟ ನಡೆಸುತ್ತಿದ್ದವರು ಮರುದಿನ ನನ್ನ ಕೈಗೆ ಒಂದು ಪುಸ್ತಕವನ್ನು ಇಟ್ಟರು. ಯೇಸುವಿನ ಪುನರುತ್ಥಾನಕ್ಕೆ ಪುರಾವೆಗಳನ್ನು ಒಂದೊಂದಾಗಿ ಮಂಡಿಸುವ ಪುಸ್ತಕ. ಮುಂದಿನ ವಾರ ಪ್ರಾರ್ಥನಾ ವಿಷಯಗಳನ್ನು ಓದುವಾಗ ರೋಗಿಗಳ, ಪರೀಕ್ಷೆಗೆ ಕೂರುವವರ ನಡುವೆ ನನ್ನ ಹೆಸರೂ ಬಂತು. ಎಲ್ಲರೂ ಕಣ್ಣು ಮುಚ್ಚಿದ್ದರು. ನಾನೊಬ್ಬನೇ ಕಣ್ಣು ತೆರೆದು ಕುಳಿತಿದ್ದೆ.

ಅದೇ ಕೂಟದಲ್ಲಿ ನನ್ನ ಗೆಳೆಯನೊಬ್ಬನಿದ್ದ. ಅವನ ಸಂಶಯದ ಬಗೆಯೇ ಬೇರೆ. ಮರಿಯಳ ಗಂಡ ಯೋಸೇಫನ ತಂದೆ ಯಾಕೋಬನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ, ಲೂಕನ ಸುವಾರ್ತೆ ಹೇಲಿಯೆಂದು ಹೇಳುತ್ತದೆ. ಇವೆರಡರಲ್ಲಿ ಯಾವುದು ನಿಜ ಎಂದು ಅವನು ಕೇಳಿದ. ಅವನಿಗೆ ಸಿಕ್ಕ ಉತ್ತರ, ಇನ್ನೂ ಹೆಚ್ಚು ಪ್ರಾರ್ಥಿಸು ಎಂಬುದು. ಈಗ ಹಿಂತಿರುಗಿ ನೋಡಿದರೆ, ದುಃಖದಲ್ಲಿದ್ದವನ ಕೈಗೆ ವಾದವನ್ನೂ ವಾದವನ್ನು ಹುಡುಕುತ್ತಿದ್ದವನ ಕೈಗೆ ಪ್ರಾರ್ಥನೆಯನ್ನೂ ಕೊಟ್ಟಂತಾಯಿತು. ಅವರು ಕೆಟ್ಟವರಲ್ಲ. ನಮ್ಮನ್ನು ಕಳೆದುಕೊಳ್ಳುವ ಭಯ ಅವರಿಗಿತ್ತು. ಭಯದಲ್ಲಿ ಯಾರಿಗೂ ಎದುರಿನವರ ಮಾತು ಪೂರ್ತಿ ಕೇಳಿಸುವುದಿಲ್ಲ.

ಮೇಷ್ಟರ ಬಳಿ ಹೋದದ್ದು ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕಿ ಎಂದು ಕೇಳಲು. "ನಂಬದ್ದನ್ನು ನಿಂತು ಓದಲಾರೆ, ಸರ್" ಎಂದೆ. ಅವರು ತಮ್ಮನ ಹೆಸರನ್ನು ಕೇಳಿದರು. ಅವನಿಗೆ ಎಷ್ಟು ವಯಸ್ಸಾಗಿತ್ತು, ಏನು ಓದುತ್ತಿದ್ದ, ನಾವಿಬ್ಬರೂ ಜಗಳವಾಡುತ್ತಿದ್ದೆವೇ ಎಂದು ಕೇಳಿದರು. ಅವನು ಸತ್ತು ನಾಲ್ಕು ತಿಂಗಳಾಗಿತ್ತು. ಅಲ್ಲಿಯವರೆಗೆ ಅವನ ಬಗ್ಗೆ ಯಾರೂ ಇಷ್ಟನ್ನು ಕೇಳಿರಲಿಲ್ಲ. ನಾನು ಎಷ್ಟು ಹೊತ್ತು ಮಾತನಾಡಿದೆನೋ ನೆನಪಿಲ್ಲ. ಕೊನೆಗೆ ಅವರು, "ಹೆಸರು ಇರಲಿ. ಸುಳ್ಳು ಹೇಳದೆ ಓದಬಹುದಾದ ಭಾಗ ಯಾವುದಿದೆಯೋ ನೀನೇ ಹುಡುಕು. ಸಿಗದಿದ್ದರೆ ಬಂದು ಹೇಳು, ಆಗ ತೆಗೆಯುತ್ತೇನೆ" ಎಂದರು.

ಹುಡುಕಿದೆ. ಎರಡು ರಾತ್ರಿ ಹುಡುಕಿದ ಮೇಲೆ 88ನೆಯ ಕೀರ್ತನೆ ಸಿಕ್ಕಿತು. ಚಿಕ್ಕಂದಿನಿಂದ ಕೀರ್ತನೆಗಳನ್ನು ಬಾಯಿಪಾಠ ಮಾಡಿದ್ದರೂ ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಉಳಿದ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ಸ್ತೋತ್ರದ ಕಡೆಗೆ ಹೊರಳುತ್ತವೆ. ಇದು ಹೊರಳುವುದೇ ಇಲ್ಲ. ಹಗಲಿರುಳು ಮೊರೆಯಿಟ್ಟರೂ ನೀನು ಮುಖ ಮರೆಮಾಡಿದೆ ಎಂದು ದೇವರನ್ನೇ ದೂರಿ, ಆಪ್ತರನ್ನು ಕಳೆದುಕೊಂಡು, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ಓದಿದೆ. ಓದಿದ ಮೇಲೆ ಹಾಡು ಶುರುವಾಗಬೇಕಿತ್ತು. ಹಾರ್ಮೋನಿಯಂ ಮುಂದೆ ಕುಳಿತಿದ್ದ ಮೇಷ್ಟರು ಬಹಳ ಹೊತ್ತು ಬಾರಿಸಲಿಲ್ಲ. ನನ್ನ ಮಾತು ಆ ಕೋಣೆಯಲ್ಲಿ ಇರಲಿ ಎಂದು ಅವರು ಜಾಗ ಬಿಟ್ಟಂತೆ ನನಗೆ ಅನಿಸಿತು.

ಗೆಳೆಯನ ಪ್ರಶ್ನೆಯನ್ನು ಅವರು ಎದುರಿಸಿದ ರೀತಿ ಇನ್ನೊಂದು. ಅವನಿಗೆ ಅವರು ಪುಸ್ತಕಗಳನ್ನೇ ಕೊಟ್ಟರು. ವಂಶಾವಳಿಗಳು ಹೊಂದುವುದಿಲ್ಲವೆಂದು ಒಪ್ಪಿಕೊಂಡರು. 3ನೆಯ ಶತಮಾನದಲ್ಲಿಯೇ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ವಿದ್ವಾಂಸ ಈ ಗಂಟನ್ನು ಬಿಡಿಸಲು ಯತ್ನಿಸಿದ್ದನ್ನು ತೋರಿಸಿದರು: ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಅವನ ಸಹೋದರ ಮದುವೆಯಾಗುವ ಯೆಹೂದ್ಯರ ನಿಯಮದಂತೆ, ಒಬ್ಬನು ಹುಟ್ಟಿನಿಂದ ತಂದೆ, ಇನ್ನೊಬ್ಬನು ನಿಯಮದಿಂದ ತಂದೆ. ಇಷ್ಟನ್ನು ಹೇಳಿ, "ಈ ವಿವರಣೆ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ" ಎಂದೂ ಸೇರಿಸಿದರಂತೆ. ಗೆಳೆಯ ಇದನ್ನು ನನಗೆ ಹೇಳುವಾಗ ಅವನ ಮುಖದಲ್ಲಿದ್ದ ಗೌರವ ಇಂದಿಗೂ ನೆನಪಿದೆ.

ಸುದ್ದಿ ನನ್ನ ತಂದೆಗೆ ತಲುಪಿತು. ರಜೆಯಲ್ಲಿ ಮನೆಗೆ ಹೋದಾಗ ಅವರು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಕಾಲೇಜಿಗೆ ಬಂದು, ಮಗನಿಗೆ ಬುದ್ಧಿ ಹೇಳಿ ಎಂದು ಮೇಷ್ಟರನ್ನು ಕೇಳಿಕೊಂಡರು. ಮೇಷ್ಟರು ಅವರಿಗೆ ಮೋನಿಕಾಳ ಕಥೆಯನ್ನು ಹೇಳಿದರು. ಮುಂದೆ ಸಭೆಯ ದೊಡ್ಡ ಗುರುವಾದ ಅವಳ ಮಗ ಅಗಸ್ಟೀನ್, ಯೌವನದಲ್ಲಿ ಮಾನಿ ಎಂಬವನು ಹುಟ್ಟುಹಾಕಿದ ಬೇರೊಂದು ಪಂಥಕ್ಕೆ ಸೇರಿದಾಗ ಅವಳೂ ಮೊದಲು ಅವನನ್ನು ತನ್ನ ಮನೆಯಿಂದ ದೂರವಿಟ್ಟಳು, ಆಮೇಲೆ ಒಂದು ಕನಸಿನಿಂದ ಮನಸ್ಸು ಬದಲಿಸಿ ಒಳಗೆ ಕರೆದುಕೊಂಡಳು. ಅವನೊಡನೆ ವಾದ ಮಾಡಿ ಎಂದು ಒಬ್ಬ ಬಿಷಪ್ಪರನ್ನು ಬೇಡಿಕೊಂಡಳು. ಅವರು ಒಪ್ಪಲಿಲ್ಲ. ತಾವೂ ಚಿಕ್ಕಂದಿನಲ್ಲಿ ಅದೇ ಪಂಥದಲ್ಲಿ ಬೆಳೆದವರು, ಯಾರೂ ವಾದಿಸದೆ ತಾವೇ ಓದಿ ಹೊರಬಂದವರು. ಅವನನ್ನು ಬಿಟ್ಟುಬಿಡು, ಪ್ರಾರ್ಥಿಸು, ಅವನೇ ಓದಿ ತಿಳಿಯುತ್ತಾನೆ ಎಂದರು. ಅವಳು ಬಿಡದೆ ಅಳುತ್ತ ನಿಂತಾಗ, ಇಷ್ಟು ಕಣ್ಣೀರಿನ ಮಗ ನಾಶವಾಗಲಾರ ಎಂದು ಹೇಳಿ ಕಳುಹಿಸಿದರು. ಅಗಸ್ಟೀನ್ ಸುಮಾರು 9 ವರ್ಷ ಆ ಪಂಥದಲ್ಲಿದ್ದರು. ದೀಕ್ಷಾಸ್ನಾನ ಪಡೆದದ್ದು 387ರಲ್ಲಿ. ತಂದೆ ಇದನ್ನು ಕೇಳಿ ಏನೂ ಹೇಳದೆ ಹೊರಟರು. ಆದರೆ ಮುಂದಿನ ವಾರ ಅವರ ಪತ್ರ ಬಂತು, ತಮ್ಮನ ಬಗ್ಗೆ. ಅವನು ಸತ್ತ ಮೇಲೆ ಅಪ್ಪ ಅವನ ಹೆಸರನ್ನು ಬರೆದದ್ದು ನಾನು ಕಂಡಂತೆ ಅದೇ ಮೊದಲು.

ಸಂಶಯಪಡುವವನಿಂದ ಸತ್ಯವೇದ ಓದಿಸುವುದು ಸಡಿಲತನವಲ್ಲವೇ ಎಂದು ಮೇಷ್ಟರನ್ನು ಪ್ರಶ್ನಿಸಿದವರಿದ್ದರು. ಮಕ್ಕಳಿಗೆ ವಿಶ್ವಾಸವನ್ನು ಬೋಧಿಸುವವರು ಅದನ್ನು ನಂಬಿರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮತ್ತಾಯನ ಕೊನೆಯ ಅಧ್ಯಾಯವನ್ನು ನೋಡಿ. ಎದ್ದುಬಂದ ಯೇಸುವನ್ನು ಬೆಟ್ಟದ ಮೇಲೆ ಕಂಡಾಗಲೂ ಕೆಲವರು ಸಂದೇಹಪಟ್ಟರು ಎಂದು ಸುವಾರ್ತೆಯೇ ಮುಚ್ಚಿಡದೆ ಹೇಳುತ್ತದೆ. ಯೇಸು ಅವರನ್ನು ಬದಿಗೆ ನಿಲ್ಲಿಸಲಿಲ್ಲ. ಲೋಕಕ್ಕೆಲ್ಲ ಹೋಗಿ ಎಂಬ ಕೆಲಸವನ್ನು ಅವರೂ ಇದ್ದ ಗುಂಪಿಗೇ ಒಪ್ಪಿಸಿದ. ಶಿಷ್ಯನಾದ ತೋಮನೂ ಹಾಗೆಯೇ. ಯೇಸು ಎದ್ದುಬಂದದ್ದನ್ನು ಕಣ್ಣಾರೆ ಕಾಣದೆ ನಂಬುವುದೇ ಇಲ್ಲ ಎಂದು ಹೇಳಿ ಎಂಟು ದಿನವಾದ ಮೇಲೂ ಅವನು ಉಳಿದವರ ಜೊತೆ ಅದೇ ಮನೆಯೊಳಗೆ ಇದ್ದ.

ನಾನು ಮರಳಿದ್ದು ಕಾಲೇಜು ಬಿಟ್ಟ ಎಷ್ಟೋ ಕಾಲದ ಮೇಲೆ, ನಿಧಾನವಾಗಿ. ಇಂಥದೇ ದಿನ ಎಂದು ತೋರಿಸಲು ಬರುವುದಿಲ್ಲ. ಗೆಳೆಯ ಮರಳಲಿಲ್ಲ. ಮೇಷ್ಟರು ಬದುಕಿರುವವರೆಗೂ ನಮ್ಮಿಬ್ಬರಿಗೂ ಪತ್ರ ಬರೆದರು. ಗೆಳೆಯ ತನಗೆ ಬಂದವುಗಳನ್ನು ನನಗೆ ತೋರಿಸಿದ್ದಾನೆ. ನನಗೆ ಬಂದವುಗಳಿಗಿಂತ ಅವು ಒಂದು ಸಾಲೂ ಚಿಕ್ಕದಾಗಿರಲಿಲ್ಲ.

ಈಗ ನನ್ನ ಮಗಳಿಗೆ ಹದಿನೇಳು. ಕಳೆದ ವರ್ಷ ಒಂದು ಭಾನುವಾರ, ತಾನು ಇನ್ನು ಆರಾಧನೆಗೆ ಬರುವುದಿಲ್ಲ ಎಂದಳು. ನನ್ನ ಗಂಟಲಲ್ಲಿ ಅಪ್ಪನ ದನಿ ಎದ್ದುಬಂತು. ಅದನ್ನು ನುಂಗಿಕೊಂಡು, ಯಾವಾಗಿನಿಂದ ಹೀಗನಿಸುತ್ತಿದೆ ಎಂದು ಕೇಳಿದೆ. ಎರಡು ವರ್ಷದಿಂದ ಎಂದಳು. ಎರಡು ವರ್ಷ ಅವಳು ನನ್ನ ಪಕ್ಕದಲ್ಲಿಯೇ ನಿಂತು ಹಾಡುತ್ತಿದ್ದಳು, ನನಗೆ ಗೊತ್ತಾಗಿರಲಿಲ್ಲ. ಅಂದು ನಾವಿಬ್ಬರೂ ಮನೆಯಲ್ಲಿಯೇ ಉಳಿದೆವು. ಈಗ ಅವಳು ಕೆಲವು ವಾರ ಬರುತ್ತಾಳೆ, ಕೆಲವು ವಾರ ಬರುವುದಿಲ್ಲ. ನಮ್ಮ ಸಭಾಪಾಲಕರಿಗೆ ಮೇಷ್ಟರ ಕಥೆಯನ್ನು ಹೇಳಿದ್ದೆ. ಅವರು ಮಗಳನ್ನೇ ಕೇಳಿದರು, ಅವಳು ಯೋಚಿಸಿ ಒಪ್ಪಿದಳು. ಮುಂದಿನ ತಿಂಗಳ ವಾಚನದ ಪಟ್ಟಿಯಲ್ಲಿ ಅವಳ ಹೆಸರಿದೆ. ಅದರ ಪಕ್ಕದಲ್ಲಿ, ಯಾವ ಭಾಗವೆಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದಾರೆ.