ಹಳೆಯ ಗೋಡೆಗೆ ಸಿಮೆಂಟು ಬೇಡ

ಗೋವಾದ ಮಡಗಾಂವಿನ ಬಳಿ ಕೊಂಡ ಹಳೆಯ ಮನೆಯನ್ನು ಆದಷ್ಟು ನಮ್ಮ ಕೈಯಿಂದಲೇ ದುರಸ್ತಿ ಮಾಡಬೇಕೆಂದು ಹೊರಟಾಗ ನೆಂಟರಿಷ್ಟರೆಲ್ಲ ಕೊಟ್ಟ ಸಲಹೆ ಒಂದೇ ಆಗಿತ್ತು: ಉದುರುತ್ತಿರುವ ಗಾರೆಯನ್ನು ಕೆತ್ತಿ ಸಿಮೆಂಟು ಮೆತ್ತಿಸಿಬಿಡಿ. ಕೆಂಪು ಚಿರೇಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗೋಡೆಗೆ ಇದಕ್ಕಿಂತ ದೊಡ್ಡ ಕೇಡು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಚಿರೇಕಲ್ಲಿನ ಮೈತುಂಬ ರಂಧ್ರಗಳಿರುತ್ತವೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದೂ ಹೆಚ್ಚಿನಂಶ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಗೋವಾದಲ್ಲಿ ಇಂಥ ಗೋಡೆ ನೆಲದಿಂದಲೂ ನೀರನ್ನು ಮೇಲಕ್ಕೆ ಹೀರುತ್ತದೆ. ಸುಣ್ಣದ ಗಾರೆಯಿದ್ದರೆ ಆ ತೇವ ಬಿಸಿಲುಗಾಲದಲ್ಲಿ ಆರಿಹೋಗುತ್ತದೆ. ಸಿಮೆಂಟಿನ ಹೊದಿಕೆಯಿದ್ದರೆ ಹೊರಬರಲು ದಾರಿಯಿಲ್ಲದೆ ಇನ್ನಷ್ಟು ಮೇಲೇರುತ್ತದೆ. ನಮ್ಮ ಹಜಾರದಲ್ಲಿ ಹಿಂದಿನ ಮಾಲೀಕರು ಸೊಂಟದೆತ್ತರದವರೆಗೆ ಸಿಮೆಂಟು ಮಾಡಿಸಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ದರು. ಆ ಗೆರೆಯ ಮೇಲೆಯೇ ಬಣ್ಣ ಗುಳ್ಳೆಯೆದ್ದು, ಬೆರಳಿಂದ ಒತ್ತಿದರೆ ಒಳಗಿನಿಂದ ಬಿಳಿಯ ಉಪ್ಪುಪುಡಿ ಉದುರುತ್ತಿತ್ತು. ಪಕ್ಕದ ಕೋಣೆಯಲ್ಲಿ ಹಳೆಯ ಗಾರೆ ಹಾಗೆಯೇ ಉಳಿದಿತ್ತು. ಅಲ್ಲಿ ಮಾಸಲು ಕಲೆಯನ್ನು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಆದ್ದರಿಂದ ಉಳಿಯಿಂದ ಸಿಮೆಂಟನ್ನು ನಿಧಾನವಾಗಿ ಬಿಡಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಆರಲು ಬಿಟ್ಟೆವು. ಕುಮಟೆಯಿಂದ ಬಂದಿದ್ದ ಸೋದರಮಾವ ಅದನ್ನು ನೋಡಿ, "ಇದೇನು ಮಾರಾಯ, ಮನೆ ಕಟ್ಟುತ್ತಿದ್ದೀಯೋ ಕೆಡವುತ್ತಿದ್ದೀಯೋ?" ಎಂದರು. ಸುಣ್ಣ ಅರಳಿಸುವುದನ್ನು ಹೇಳಿಕೊಟ್ಟವರೂ ಅವರೇ. ಸುಟ್ಟ ಸುಣ್ಣದ ಹರಳುಗಳನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಹರಳಿನ ಮೇಲೆ ನೀರು ಸುರಿಯಬಾರದು. ನೀರು ಕೊತಕೊತ ಕುದಿದು ಸಿಡಿಯುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಬೇಕೇ ಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವಂತೆ ಕೆಲವು ವಾರ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಅದರ ಒಂದು ಪಾಲಿಗೆ ಮೂರು ಪಾಲು ತೊಳೆದ ಮರಳು ಸೇರಿಸಿ, ಗೋಡೆಯನ್ನು ಮೊದಲೇ ನೆನೆಸಿ, ತೆಳುವಾಗಿ ಪದರ ಪದರವಾಗಿ ಹಚ್ಚಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿತಾಟು ಕಟ್ಟಿ ಬಿಸಿಲಿನಿಂದ ಕಾಪಾಡುವುದೇ ಅರ್ಧ ಕೆಲಸ. ಇಷ್ಟು ತಾಳ್ಮೆಯಿಲ್ಲದವರು ಹಳೆಯ ಮನೆ ಕೊಳ್ಳದಿರುವುದೇ ಮೇಲು.

ಹಂಚಿನ ಮಾಡಿನ ಕೆಲಸ ಅಷ್ಟು ಕಷ್ಟದ್ದಲ್ಲ, ಎತ್ತರದ ಅಪಾಯವೊಂದೇ. ನಮ್ಮದು ಮಂಗಳೂರು ಹಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ ತೆರೆದ ಕಾರ್ಖಾನೆಯ ನಂತರ ಕರಾವಳಿಯುದ್ದಕ್ಕೂ ಹಬ್ಬಿದ ಮಾದರಿ. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರದಿರಬಹುದು. ಆದ್ದರಿಂದ ಒಡೆದ ಹಂಚಿನ ತುಂಡನ್ನು ಕೈಯಲ್ಲಿ ಹಿಡಿದೇ ಹಳೆಯ ಸಾಮಾನಿನ ಅಂಗಡಿಗೆ ಹೋಗಬೇಕು. ಹಂಚು ತೆಗೆದಾಗಲೇ ಅದನ್ನು ಹೊರುವ ಮರದ ರೀಪುಗಳನ್ನು ತಟ್ಟಿ ನೋಡುವುದು ಒಳ್ಳೆಯದು. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲಿದೆ ಎಂದು ಅನುಮಾನಿಸಬೇಕು.

ವಿದ್ಯುತ್ ತಂತಿಯ ಕೆಲಸವನ್ನು ಮಾತ್ರ ನಾವು ಮುಟ್ಟಲಿಲ್ಲ. ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಬಂದು ಹಳೆಯ ತಂತಿಗಳನ್ನೆಲ್ಲ ಬದಲಿಸಿ ಅರ್ತಿಂಗ್ ಮಾಡಿಕೊಟ್ಟರು. ತಂತಿಗಾಗಿ ಗೋಡೆಯಲ್ಲಿ ಕಾಲುವೆ ಕೊರೆಯಬಾರದು, ತಂತಿಯ ಪೈಪುಗಳನ್ನು ಗೋಡೆಯ ಹೊರಮೈಯಲ್ಲೇ ಎಳೆಯಬೇಕು ಎಂದು ನಾವು ಮೊದಲೇ ಹೇಳಿದ್ದೆವು. ಚಿರೇಕಲ್ಲನ್ನು ಯಂತ್ರದಿಂದ ಸೀಳಿದರೆ ಅಂಚು ಹೆಂಟೆಯಾಗಿ ಕಿತ್ತುಬರುತ್ತದೆ, ಆಮೇಲೆ ಆ ಕುಳಿಗೆ ತುಂಬಲು ಮತ್ತೆ ಸಿಮೆಂಟೇ ಬರುತ್ತದೆ.