ಲಂಡನ್ನಿನ ಆ ಹಿರಿಯ ದಂಪತಿ

ಲಂಡನ್ನಿಗೆ ನಮ್ಮ ಕಡೆಯಿಂದ ಯಾರೇ ಬಂದರೂ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ಕರೆದೊಯ್ಯುತ್ತೇನೆ. ಪ್ರವೇಶಕ್ಕೆ ಕಾಸು ಕೊಡಬೇಕಿಲ್ಲ. ಅಲ್ಲಿ ವ್ಯಾನ್ ಐಕ್ 1434ರಲ್ಲಿ ಬರೆದ ಅರ್ನೊಲ್ಫಿನಿ ದಂಪತಿಯ ಚಿತ್ರಕ್ಕೆ ಸದಾ ಜನ ಮುತ್ತಿರುತ್ತಾರೆ. ನಾನಂತೂ ಬಂದವರನ್ನು ನೆದರ್ಲೆಂಡ್ಸ್ ಸೀಮೆಯ ಚಿತ್ರಕಾರ ಯಾನ್ ಗೊಸ್ಸಾರ್ಟ್‌ ಬರೆದ ‘ಹಿರಿಯ ದಂಪತಿ’ಯ ಎದುರು ನಿಲ್ಲಿಸದೆ ಬಿಡುವುದಿಲ್ಲ.

ಅದು 1520ರ ಆಸುಪಾಸಿನದು. ಎತ್ತರ 48 ಸೆಂಟಿಮೀಟರ್, ಅಗಲ 69. ಹದ ಮಾಡಿದ ತೊಗಲಿನ ಹಾಳೆಯ ಮೇಲೆ ತೈಲವರ್ಣದಲ್ಲಿ ಬರೆದದ್ದು. ಆ ಹಾಳೆಯನ್ನು ಕ್ಯಾನ್ವಾಸಿಗೆ ಅಂಟಿಸಿದ್ದಾರೆ. ಎಡಕ್ಕೆ ಗಂಡ, ಅವನ ಪಕ್ಕದಲ್ಲಿ ತುಸು ಹಿಂದೆ ಹೆಂಡತಿ. ಇವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ವಂಶದ ಲಾಂಛನವಿಲ್ಲ, ಒಂದಕ್ಷರದ ಬರಹವಿಲ್ಲ. ಗಂಡನ ತುಪ್ಪಳದ ಕೊರಳಪಟ್ಟಿಯನ್ನೂ ಲೋಹದ ತಲೆಯ ಊರುಗೋಲನ್ನೂ ನೋಡಿದರೆ ಉಳ್ಳವರೆಂದು ಹೇಳಬಹುದು, ಅಷ್ಟೆ.

ಆ ಕಾಲದ ನೆದರ್ಲೆಂಡ್ಸ್ ಸೀಮೆಯಲ್ಲಿ ಗಂಡನದೊಂದು, ಹೆಂಡತಿಯದೊಂದು ಎಂದು ಎರಡು ಹಲಗೆಗಳ ಮೇಲೆ ಬರೆಸುವ ರೂಢಿಯೇ ಹೆಚ್ಚಾಗಿತ್ತು. ಇಲ್ಲಿ ಇಬ್ಬರೂ ಒಂದೇ ಚೌಕಟ್ಟಿನಲ್ಲಿದ್ದಾರೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಆದರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಆತನ ದೃಷ್ಟಿ ಎಲ್ಲೋ ದೂರ. ಆಕೆಯ ರೆಪ್ಪೆ ಬಾಗಿದೆ. ಚಿತ್ರಕಾರ ಯಾರ ವಯಸ್ಸನ್ನೂ ಮುಚ್ಚಿಟ್ಟಿಲ್ಲ. ಗಂಡನ ಗಲ್ಲದ ಮೇಲೆ ಕ್ಷೌರ ಮಾಡಿಸದ ಬಿಳಿ ಕುರುಚಲು ಗಡ್ಡವನ್ನು ಕೂಡ ಬಿಟ್ಟಿಲ್ಲ.

ನನ್ನ ಮನಸ್ಸು ಕಟ್ಟಿಹಾಕಿದ್ದು ಆತನ ಕಪ್ಪು ಟೋಪಿಗೆ ಸಿಕ್ಕಿಸಿದ ಪುಟ್ಟ ಬಿಲ್ಲೆ. ಅದರಲ್ಲಿ ಬತ್ತಲೆ ಹುಡುಗ, ಬತ್ತಲೆ ಹುಡುಗಿ, ಜೊತೆಗೆ ಸಮೃದ್ಧಿಯ ಗುರುತಾದ ಕೊಂಬು. ಗೊಸ್ಸಾರ್ಟ್ ತನ್ನ ಒಡೆಯ ಬರ್ಗಂಡಿಯ ಫಿಲಿಪ್‌ ಜೊತೆ 1508ರಲ್ಲಿ ರೋಮಿಗೆ ಹೊರಟು, ಹಳೆಯ ಶಿಲ್ಪಗಳನ್ನು ಕಣ್ತುಂಬ ನೋಡಿ ಬಂದವನು. 1516ರಲ್ಲಿ ಸಮುದ್ರದೇವ ನೆಪ್ಚೂನ್ ಮತ್ತು ಅವನ ಮಡದಿ ಆಂಫಿಟ್ರೈಟಿಯನ್ನು ಆಳೆತ್ತರದ ನಗ್ನ ದೇಹಗಳಾಗಿ ಬರೆದವನೂ ಅವನೇ. ಅದೇ ಕೈ ಇಲ್ಲಿ ಯೌವನವನ್ನು ಒಂದು ಬಿಲ್ಲೆಯಷ್ಟಕ್ಕೆ ಇಳಿಸಿ, ಉಳಿದ ಜಾಗವನ್ನೆಲ್ಲ ಸುಕ್ಕುಗಳಿಗೆ ಬಿಟ್ಟುಕೊಟ್ಟಿದೆ. ಇದನ್ನು ಮುಪ್ಪಿನ ಅಣಕವೆಂದು ಓದುವುದು ನನಗೆ ಸರಿಕಾಣುವುದಿಲ್ಲ. ಈ ಇಬ್ಬರೂ ಆ ಹುಡುಗ ಹುಡುಗಿಯಾಗಿದ್ದು ಇಲ್ಲಿಗೆ ಬಂದವರು. ಚಿತ್ರಕಾರ ಅದನ್ನು ಮರೆಯಲು ಬಿಡುವುದಿಲ್ಲ.

ಊರಿನಿಂದ ಅಮ್ಮ ಬಂದಾಗ ಬಿಲ್ಲೆಯ ವಿಷಯ ಉತ್ಸಾಹದಿಂದ ವಿವರಿಸುತ್ತಿದ್ದೆ. ಅವರು ಬೇರೆಯದನ್ನೇ ನೋಡುತ್ತಿದ್ದರು.

“ಅವನ ಎರಡೂ ಕೈ ಕಾಣುತ್ತಿವೆಯಲ್ಲ, ಒಂದು ಕೋಟಿನ ಮೇಲೆ, ಒಂದು ಕೋಲಿನ ಮೇಲೆ. ಇವಳ ಕೈ ಎಲ್ಲಿ?”

ಆಕೆಯ ಕೈಗಳನ್ನು ಚಿತ್ರಕಾರ ಬರೆದೇ ಇಲ್ಲ. ಬಿಳಿಯ ತಲೆವಸ್ತ್ರದ ತೆಳುವನ್ನು ಅಷ್ಟು ಅಕ್ಕರೆಯಿಂದ ಬರೆದವನು ಕೈಗಳನ್ನು ಮಾತ್ರ ಚೌಕಟ್ಟಿನ ಹೊರಗೆ ಬಿಟ್ಟ. ಅಮ್ಮನ ಪ್ರಶ್ನೆಯಾದ ಮೇಲೆ ನನ್ನ ಕಣ್ಣು ಬಿಲ್ಲೆಗಿಂತ ಮೊದಲು ಆಕೆಯ ಕಡೆಗೇ ಹೋಗುತ್ತದೆ. ಹಳೆಯ ಕಾಗದಪತ್ರಗಳಲ್ಲಿ ಎಂದಾದರೂ ಇವರ ಹೆಸರು ಸಿಗಲಿ. ಸಿಕ್ಕರೆ, ಇಂಥವನ ಹೆಂಡತಿ ಎಂದಷ್ಟೇ ಅಲ್ಲದೆ ಆಕೆಯ ಸ್ವಂತ ಹೆಸರೂ ಸಿಗಲಿ ಎಂದು ಮನಸಾರೆ ಬಯಸುತ್ತೇನೆ.

ಇತ್ತ ಬರುವವರಿದ್ದರೆ ಶುಕ್ರವಾರ ಇಟ್ಟುಕೊಳ್ಳಿ, ಆ ದಿನ ಗ್ಯಾಲರಿ ರಾತ್ರಿ ಒಂಬತ್ತರವರೆಗೂ ತೆರೆದಿರುತ್ತದೆ. ಕನ್ನಡಕ ಮರೆಯಬೇಡಿ, ಬಿಲ್ಲೆ ಬಹಳ ಚಿಕ್ಕದು.