ಅನಿತಾ ‘ಆನಿ’ ಆಗುವ ದಾರಿ

ಹೆಸರನ್ನು ತುಸು ತಿರುಚಿ ಪ್ರಾಣಿಯ ಅಡ್ಡಹೆಸರಿಟ್ಟು ಕಾಡಿಸುವ ಆಟದಲ್ಲಿ, ಮೈಸೂರು ಕಡೆ ಅನಿತಾಳನ್ನು ಆನೆ ಮಾಡಲು ಸ್ವಲ್ಪ ಸರ್ಕಸ್ ಬೇಕು. ಹುಬ್ಬಳ್ಳಿಯಲ್ಲಿ ಅರ್ಧ ನಿಮಿಷದ ಕೆಲಸ. ಮನೆಯವರು ಹೆಂಗೂ ‘ಅನಿ’ ಅಂತ ಮೊಟಕು ಮಾಡಿರುತ್ತಾರೆ. ಓಣಿಯ ಹುಡುಗರು ಮೊದಲ ಅಕ್ಷರ ತುಸು ಎಳೆದರೆ ‘ಆನಿ’ ಬಂದು ನಿಲ್ಲುತ್ತದೆ.

ಕಾರಣ ನಮ್ಮ ನಾಲಿಗೆಯಲ್ಲೇ ಇದೆ. ಪದದ ಕೊನೆಯ ‘ಎ’ ಇಲ್ಲಿ ‘ಇ’ ಆಗುತ್ತದೆ: ಕಪ್ಪೆ ಕಪ್ಪಿ, ಕಾಗೆ ಕಾಗಿ, ಕತ್ತೆ ಕತ್ತಿ, ಕುದುರೆ ಕುದ್ರಿ. ಹೆಣ್ಣುಮಕ್ಕಳ ಹೆಸರು ಮೊಟಕಾದಾಗಲೂ ಕೊನೆಗೆ ಉಳಿಯುವುದು ‘ಇ’ಯೇ: ಯಲ್ಲವ್ವ ಯಲ್ಲಿ, ಗಂಗವ್ವ ಗಂಗಿ. ಹಿಂಗಾಗಿ ಹೆಸರಿಗೂ ಪ್ರಾಣಿಗೂ ಡಿಕ್ಕಿ ತಪ್ಪುವುದಿಲ್ಲ. ಯಮನವ್ವನನ್ನೇ ನೋಡಿ. ಮೊದಲು ‘ಅವ್ವ’ ಕಳಚಿ ‘ಯಮ್ನಿ’. ಕರೆದು ಕರೆದು ‘ಮ್ನಿ’ ಸವೆದು ‘ಯಮ್ಮಿ’. ಎಮ್ಮೆಗೂ ನಾವು ಅನ್ನುವುದು ಯಮ್ಮಿ ಅಂತಲೇ. (ಯಮನ ವಾಹನ ಕೋಣ, ಅಂದಮೇಲೆ ಬೀಗತನ ಹಳೆಯದು.)

ಗಂಡುಮಕ್ಕಳಿಗೆ ‘ಯಾ’: ಬಸವರಾಜ ಬಸ್ಯಾ, ಮಲ್ಲಪ್ಪ ಮಲ್ಯಾ. ‘ಯಾ’ದಿಂದ ಮುಗಿಯುವ ಪ್ರಾಣಿ ಅಂದರೆ ಥಟ್ಟನೆ ಸಿಗುವ ಎರಡೂ ಒಂದೇ ಬಳಗದವು, ಮಂಗ್ಯಾ ಮತ್ತು ಮುಶ್ಯಾ (ಕರಿಮೋತಿಯ ಮಂಗ). ಅದಕ್ಕೇ ಮಂಜುನಾಥ, ಮಂಗೇಶ, ಮುಸ್ತಾಕ್ ಮೂವರೂ ತಪ್ಪಿಸಿಕೊಳ್ಳುವುದು ಕಷ್ಟ. ಉಳಿದವರಿಗೆ ‘ಯಾ’ ಬಿಟ್ಟು ‘ಇ’ ಹಚ್ಚುತ್ತಾರೆ: ಗುರುಬಸಪ್ಪ ಗುಬ್ಬಿ, ಗದಗಿನ ಕಪ್ಪತಗುಡ್ಡದ ಸೀಮೆಯ ಕಪ್ಪತ್ತಪ್ಪ ಕಪ್ಪಿ. ಗಂಡಸಿನ ಹೆಸರಿಗೆ ‘ಇ’ ಬಿತ್ತು ಅಂದರೆ ಅರ್ಧ ಚಾಷ್ಟಿ ಅಲ್ಲೇ ಮುಗಿಯಿತು.

ಹೆಸರಿನಲ್ಲೇ ಪ್ರಾಣಿ ಇದ್ದರೆ ಸಲೀಸು ಅಂದುಕೊಳ್ಳಬೇಡಿ, ಅಲ್ಲೇ ಆಟ ಕೆಡುವುದು. ಹೆಡೆ ಎತ್ತಿದ ಹಾವಿಗೇ ಕೈಮುಗಿದು ‘ನಾಗಪ್ಪ’ ಅನ್ನುವ ಊರಲ್ಲಿ ನಾಗಪ್ಪನನ್ನು ಹಾವು ಅಂತ ಕಾಡಿಸಿದರೆ ನಗುವವರಾರು? ‘ಬಸವ’ ಬಂದದ್ದು ‘ವೃಷಭ’ದಿಂದ, ಆದರೆ ಬಸ್ಯಾ ಅಂದಾಗ ಯಾರ ಕಣ್ಣಿಗೂ ಎತ್ತು ಬರುವುದಿಲ್ಲ. ಹುಲಗಪ್ಪನಿಗೆ ‘ಹುಲಿ’ ಅಂದರಂತೂ ಅವನು ಮೀಸೆ ತಿರುವುತ್ತಾನೆ. ಕಾಡಿಸಿದ್ದು ವ್ಯರ್ಥ.

ಅಡ್ಡಹೆಸರಿಗೆ ಅಕ್ಷರ ಎರಡೇ ಇರಬೇಕು. ಕೊನೆಯದನ್ನು ಎಳೆದು ಕೂಗಲು ಬರಬೇಕು: ‘ಏ ಗುಬ್ಬೀ, ಬಾ ಇಲ್ಲೆ!’ ಮೊಸಳಿ, ಚಿಗರಿ ತರಹದ ಮೂರಕ್ಷರದವು ನಾಲ್ಕು ದಿನಕ್ಕೆ ಬಿದ್ದುಹೋಗುತ್ತವೆ. ಇನ್ನು ಮೈಕಟ್ಟಿಗೆ ಹೊಂದುವ ಪ್ರಾಣಿಯನ್ನು ಮುಟ್ಟಲೇಬಾರದು. ಕಡ್ಡಿಯಂಥ ಅನಿತಾಗೆ ‘ಆನಿ’ ಆಟ; ದಪ್ಪಗಿದ್ದವಳಿಗೆ ಅದೇ ಬೈಗುಳ, ಸಂಜೆಯೊಳಗೆ ಅವರವ್ವ ನಿಮ್ಮ ಬಾಗಿಲಿಗೆ ಬಂದಿರುತ್ತಾಳೆ.

ಸಣ್ಣ ಹುಡುಗರು ‘ಗುಬ್ಬಿ ಕಾಕಾ’ ಅನ್ನತೊಡಗಿದರೆ ಮುಗೀತು, ಇನ್ನು ಅದನ್ನು ಕಿತ್ತುಹಾಕಲಾಗದು. ಲಗ್ನಪತ್ರದಲ್ಲಿ ಬರೇ ‘ಗುರುಬಸಪ್ಪ’ ಅಂತ ಅಚ್ಚು ಹಾಕಿಸಿದರೆ ‘ಇವ ಯಾರಪಾ?’ ಅಂತ ಅರ್ಧ ಓಣಿ ಕೇಳುತ್ತದೆ. ಕಂಸದಲ್ಲಿ ‘ಗುಬ್ಬಿ’ ಸೇರಿಸಿಬಿಡಿ.